ಕರ್ಣ ಅಳೆಯದೆ ಚತುರ್ಭುಜವನ್ನು ನಂಬಬೇಡಿ

ನಮ್ಮ 30-40 ಸೈಟಿನ ಕಾಂಪೌಂಡಿಗೆ ಮಾರ್ಕಿಂಗ್ ನಡೆಯುತ್ತಿತ್ತು. ನಾಲ್ಕು ಮೂಲೆಗೆ ಗೂಟ ಹೊಡೆದು ದಾರ ಕಟ್ಟಿದ್ದರು. ಮೇಸ್ತ್ರಿ ನಾಲ್ಕೂ ಬದಿ ಅಳೆದರು. 30, 40, 30, 40. ಸರಿಯಾಗಿದೆಯಲ್ಲ, ಇನ್ನು ಸುಣ್ಣದ ಪುಡಿ ಹಾಕುತ್ತಾರೆ ಎಂದುಕೊಂಡೆ. ಅವರು ಟೇಪಿನ ತುದಿಯನ್ನು ಹುಡುಗನ ಕೈಗೆ ಕೊಟ್ಟು, "ಎದುರು ಮೂಲೆಗೆ ಹೋಗಿ ಹಿಡಿ" ಎಂದರು. ಮೂಲೆಯಿಂದ ಮೂಲೆಗೆ ಟೇಪು ಬಿಗಿದು ನೋಡಿ ತಲೆ ಅಲ್ಲಾಡಿಸಿದರು. "48 ಬಂತು ಸಾರ್. 50 ಬರಬೇಕು. ಓರೆ ಆಗೈತೆ." ಒಂದು ಕಡೆಯ ಎರಡು ಗೂಟ ಕಿತ್ತು ಮತ್ತೆ ಶುರು ಮಾಡಿದರು.

ಅದೇ ವಾರ ಮನೆಯಲ್ಲಿ ಮಗಳು 9ನೇ ತರಗತಿಯ ಚತುರ್ಭುಜದ ಪಾಠ ಓದುತ್ತಿದ್ದಳು. ಓದುವುದೇನು, ಉರು ಹೊಡೆಯುತ್ತಿದ್ದಳು. ನೋಟ್‌ಬುಕ್ಕಿನಲ್ಲಿ ಒಂದು ದೊಡ್ಡ ಕೋಷ್ಟಕ. ಎಡಗಡೆ ಹೆಸರುಗಳು: ಸಮಾಂತರ ಚತುರ್ಭುಜ, ಆಯತ, ವಜ್ರಾಕೃತಿ, ವರ್ಗ, ತ್ರಾಪಿಜ್ಯ, ಗಾಳಿಪಟ. ಮೇಲುಗಡೆ ಗುಣಗಳು. ನಡುವೆ ಬರೀ ಟಿಕ್ ಮತ್ತು ಇಂಟು. "ಅಪ್ಪಾ, ಇದೊಂದು ನೆನಪಿಟ್ಟುಕೊಂಡರೆ 5 ಮಾರ್ಕ್ಸ್ ಗ್ಯಾರಂಟಿ" ಎಂದಳು. ಎರಡೇ ದಿನಕ್ಕೆ ವಜ್ರಾಕೃತಿಯ ಟಿಕ್ಕು ಆಯತದ ಸಾಲಿಗೆ ಹೋಗಿ ಕೂತಿತ್ತು.

ಆ ಕೋಷ್ಟಕವನ್ನು ಉರು ಹೊಡೆಯುವ ಅಗತ್ಯವೇ ಇಲ್ಲ. ಮೇಸ್ತ್ರಿ ಮಾಡಿದ ಕೆಲಸವನ್ನೇ ಮಾಡಿದರೆ ಸಾಕು. ಹೊರಗಿನ ನಾಲ್ಕು ಬಾಹುಗಳನ್ನು ನೋಡುವುದು ಬಿಟ್ಟು, ಒಳಗಿನ ಎರಡು ಕರ್ಣಗಳನ್ನು ನೋಡಿ. ಕರ್ಣ ಎಂದರೆ ಒಂದು ಮೂಲೆಯಿಂದ ಎದುರು ಮೂಲೆಗೆ ಎಳೆದ ಗೆರೆ. ಚತುರ್ಭುಜದ ಹೆಚ್ಚಿನ ಗುಟ್ಟೆಲ್ಲ ಅಲ್ಲೇ ಇದೆ.

ನಾಲ್ಕು ಕಡ್ಡಿ ಅಲುಗಾಡುತ್ತದೆ

ಮೊದಲು ಒಂದು ಸಣ್ಣ ಪ್ರಯೋಗ. ಪೊರಕೆಯಿಂದ ಮೂರು ಕಡ್ಡಿ ಮುರಿದುಕೊಳ್ಳಿ. ಸೈಕಲ್ ವಾಲ್ ಟ್ಯೂಬಿನ ತುಂಡುಗಳಿಂದ ತುದಿಗೆ ತುದಿ ಸೇರಿಸಿ ತ್ರಿಭುಜ ಮಾಡಿ. ಎಷ್ಟೇ ಒತ್ತಿ, ಆಕಾರ ಬದಲಾಗುವುದಿಲ್ಲ. ಈಗ ನಾಲ್ಕು ಕಡ್ಡಿಯಲ್ಲಿ ಹಾಗೇ ಮಾಡಿ. ಬೆರಳು ತಾಗಿಸಿದರೆ ಸಾಕು, ಒಂದು ಕಡೆ ವಾಲಿಬಿಡುತ್ತದೆ. ಕಡ್ಡಿಗಳ ಉದ್ದ ಬದಲಾಗಿಲ್ಲ. ಆಕಾರ ಮಾತ್ರ ಬೇರೆ.

ತ್ರಿಭುಜಕ್ಕೂ ಚತುರ್ಭುಜಕ್ಕೂ ಇರುವ ದೊಡ್ಡ ವ್ಯತ್ಯಾಸ ಇದು. ಮೂರು ಬಾಹು ಹೇಳಿದರೆ ತ್ರಿಭುಜ ನಿಂತುಹೋಯಿತು, ಅದು ಒಂದೇ ರೀತಿ ಇರಲು ಸಾಧ್ಯ. ನಾಲ್ಕು ಬಾಹು ಹೇಳಿದರೆ ಚತುರ್ಭುಜ ಇನ್ನೂ ಅಲುಗಾಡುತ್ತಲೇ ಇರುತ್ತದೆ. ಅದನ್ನು ಹಿಡಿದು ನಿಲ್ಲಿಸಲು ಐದನೇ ಅಳತೆ ಬೇಕು. ಒಂದು ಕೋನವಾದರೂ ಸರಿ, ಒಂದು ಕರ್ಣವಾದರೂ ಸರಿ. ನಮ್ಮ ಕಡ್ಡಿ ಚೌಕಟ್ಟಿಗೆ ಮೂಲೆಯಿಂದ ಮೂಲೆಗೆ ಐದನೇ ಕಡ್ಡಿ ಸೇರಿಸಿ ನೋಡಿ, ಅಲುಗಾಟ ನಿಂತುಹೋಗುತ್ತದೆ. ಯಾಕೆಂದರೆ ಈಗ ಅದು ಬೆನ್ನಿಗೆ ಬೆನ್ನು ಕೊಟ್ಟು ಕೂತ ಎರಡು ತ್ರಿಭುಜ. ತೋಟದ ಮರದ ಗೇಟಿಗೆ ಓರೆಯಾಗಿ ಒಂದು ಪಟ್ಟಿ ಹೊಡೆದಿರುತ್ತಾರಲ್ಲ, ಅದು ಚಂದಕ್ಕಲ್ಲ. ಆ ಪಟ್ಟಿ ಇಲ್ಲದಿದ್ದರೆ ಎರಡು ಮಳೆಗಾಲಕ್ಕೆ ಗೇಟು ಜೋತುಬೀಳುತ್ತದೆ. ಅಂಗಡಿಗಳ ಎಳೆಯುವ ಗೇಟಿನಲ್ಲಿ ಇದೇ ಅಲುಗಾಟವನ್ನು ಬೇಕೆಂದೇ ಬಿಟ್ಟಿರುತ್ತಾರೆ. ಅದರ ತುಂಬ ಪುಟ್ಟ ಪುಟ್ಟ ವಜ್ರಾಕೃತಿಗಳು, ಅಂದರೆ ನಾಲ್ಕು ಬಾಹುವೂ ಸಮ ಇರುವ ಚತುರ್ಭುಜಗಳು. ಗೇಟು ಎಳೆದಾಗ ಅಗಲವಾಗುತ್ತವೆ, ತಳ್ಳಿದಾಗ ಕಿರಿದಾಗುತ್ತವೆ.

ಇನ್ನು ನಮ್ಮ ಮೇಸ್ತ್ರಿಯ 48 ಅಡಿಗೆ ಬನ್ನಿ. ಸರಿಯಾದ ಆಯತವಾಗಿದ್ದರೆ ಕರ್ಣ 50 ಬರಬೇಕು. ಪೈಥಾಗೊರಸ್ ಪ್ರಮೇಯ: 30ರ ವರ್ಗ 900, 40ರ ವರ್ಗ 1600, ಕೂಡಿದರೆ 2500, ಅದರ ವರ್ಗಮೂಲ 50. 30-40 ಸೈಟಿನ ಲೆಕ್ಕ ಇಷ್ಟು ಸಲೀಸಾಗಿ ಬರುವುದು 3-4-5ರ ಕೃಪೆ. 40-60 ಸೈಟಾಗಿದ್ದರೆ 72.11 ಎಂಬ ಚಿಲ್ಲರೆ ಬರುತ್ತದೆ.

ಕರ್ಣ 48 ಬಂದಾಗ ಏನಾಗಿತ್ತು? ಒಂದು ಮೂಲೆಯ ಕೋನ 90 ಡಿಗ್ರಿ ಇರುವ ಬದಲು 85 ಚಿಲ್ಲರೆ ಆಗಿತ್ತು. ಇನ್ನೊಂದು ಕರ್ಣ ಅಳೆದಿದ್ದರೆ 52 ಅಡಿಗೆ ಒಂದಂಗುಲ ಕಮ್ಮಿ ಬರುತ್ತಿತ್ತು. ವಿಸ್ತೀರ್ಣ ಮಾತ್ರ 1200 ಚದರಡಿ ಇದ್ದದ್ದು 1196 ಆಗಿತ್ತು, ಅಷ್ಟೇ. ನಾಲ್ಕು ಚದರಡಿ ತಾನೇ ಎನ್ನಬೇಡಿ. 30 ಅಡಿ ಹಿಂದಕ್ಕೆ ಹೋಗುವಷ್ಟರಲ್ಲಿ ಗೋಡೆ ಸುಮಾರು ಎರಡೂವರೆ ಅಡಿ ಪಕ್ಕಕ್ಕೆ ಸರಿದಿರುತ್ತಿತ್ತು, ಅಂದರೆ ಪಕ್ಕದವರ ಜಾಗದೊಳಗೆ. ಬಾಹು ನಾಲ್ಕೂ ಸರಿ, ವಿಸ್ತೀರ್ಣವೂ ಹೆಚ್ಚು ಕಮ್ಮಿ ಸರಿ, ಜಗಳ ಮಾತ್ರ ಗ್ಯಾರಂಟಿ.

ಒಂದು ಗೆರೆ ಎಳೆದರೆ ಎರಡು ತ್ರಿಭುಜ

ಚತುರ್ಭುಜದ ಬಗ್ಗೆ ಗೊತ್ತಿಲ್ಲದಿದ್ದರೆ ಒಂದು ಕರ್ಣ ಎಳೆಯಿರಿ. ತ್ರಿಭುಜದ ಬಗ್ಗೆ ನಮಗೆ ಬೇಕಾದಷ್ಟು ಗೊತ್ತು. ಅದನ್ನೇ ಎರಡು ಸಲ ಬಳಸಿದರಾಯಿತು.

ತ್ರಿಭುಜದ ಮೂರು ಕೋನಗಳ ಮೊತ್ತ 180 ಡಿಗ್ರಿ. ಚತುರ್ಭುಜದಲ್ಲಿ ಎರಡು ತ್ರಿಭುಜ, ಹಾಗಾಗಿ 360. ಮುಗಿಯಿತು. ಕಾಗದದಲ್ಲಿ ಅಡ್ಡಾದಿಡ್ಡಿ ಚತುರ್ಭುಜ ಕತ್ತರಿಸಿ, ನಾಲ್ಕು ಮೂಲೆ ಹರಿದು, ಒಂದು ಚುಕ್ಕಿಯ ಸುತ್ತ ಜೋಡಿಸಿದರೆ ಸಂದಿಲ್ಲದೆ ಕೂರುತ್ತವೆ. ಬಾಣದ ತುದಿಯಂತೆ ಒಂದು ಮೂಲೆ ಒಳಕ್ಕೆ ಚುಚ್ಚಿಕೊಂಡಿರುವ ಚತುರ್ಭುಜಕ್ಕೂ ಇದು ನಿಜ. ಆದರೆ ಅಲ್ಲಿ ಕರ್ಣವನ್ನು ಒಳಕ್ಕೆ ಚುಚ್ಚಿದ ಮೂಲೆಯಿಂದಲೇ ಎಳೆಯಬೇಕು. ಇನ್ನೊಂದು ಕರ್ಣ ಆಕಾರದ ಹೊರಗೇ ಬೀಳುತ್ತದೆ.

ಈಗ ಸಮಾಂತರ ಚತುರ್ಭುಜ. ಇದನ್ನು ಸ್ವಲ್ಪ ನಿಧಾನವಾಗಿ ನೋಡೋಣ, ಉಳಿದದ್ದೆಲ್ಲ ಇದರ ಮೇಲೆ ನಿಂತಿದೆ. ನಮಗೆ ಕೊಟ್ಟಿರುವುದು ಒಂದೇ ಮಾತು: ಎದುರು ಬದುರು ಬಾಹುಗಳು ಸಮಾಂತರ. ಎದುರು ಬಾಹುಗಳು ಸಮ ಎಂದು ಯಾರೂ ಹೇಳಿಲ್ಲ. ಅದು ತಾನಾಗಿ ಬರುತ್ತದೆ, ಮಜಾ ಇರುವುದು ಅಲ್ಲೇ.

ಮೂಲೆಗಳಿಗೆ ಸುತ್ತಲೂ ಎ, ಬಿ, ಸಿ, ಡಿ ಎಂದು ಹೆಸರಿಡಿ. ಎಯಿಂದ ಸಿಗೆ ಕರ್ಣ ಎಳೆಯಿರಿ. ಈ ಕರ್ಣ ಒಂದು ಜೊತೆ ಸಮಾಂತರ ಗೆರೆಗಳನ್ನು ಕಡಿಯುತ್ತದೆ. ಆದ್ದರಿಂದ ಪರ್ಯಾಯ ಕೋನಗಳು, ಅಂದರೆ ಕಡಿಯುವ ಗೆರೆಯ ಆಚೆ ಈಚೆ ಇಂಗ್ಲಿಷಿನ Z ಆಕಾರದಲ್ಲಿ ಕೂರುವ ಎರಡು ಕೋನಗಳು, ಸಮ. ಇನ್ನೊಂದು ಜೊತೆಯನ್ನೂ ಕಡಿಯುತ್ತದೆ. ಅಲ್ಲೂ ಪರ್ಯಾಯ ಕೋನಗಳು ಸಮ. ಎರಡು ತ್ರಿಭುಜಗಳಿಗೂ ಕರ್ಣ ಒಂದೇ. ಎರಡು ಕೋನ, ನಡುವಿನ ಬಾಹು ಸಮ ಎಂದಮೇಲೆ ತ್ರಿಭುಜಗಳು ಸರ್ವಸಮ. ಅಂದರೆ ಒಂದನ್ನು ಎತ್ತಿ ಅರ್ಧ ಸುತ್ತು ತಿರುಗಿಸಿ ಇನ್ನೊಂದರ ಮೇಲೆ ಇಟ್ಟರೆ ಪಕ್ಕಾ ಕೂರುತ್ತದೆ. ಹಾಗಾಗಿ ಎದುರು ಬಾಹುಗಳು ಸಮ, ಎದುರು ಕೋನಗಳೂ ಸಮ.

ಈಗ ಎರಡನೇ ಕರ್ಣವನ್ನೂ ಎಳೆಯಿರಿ. ಎರಡೂ ಕೂಡುವ ಕಡೆ ನಾಲ್ಕು ಸಣ್ಣ ತ್ರಿಭುಜ ಆಗುತ್ತವೆ. ಎದುರು ಬದುರಿನ ಎರಡನ್ನು ತೆಗೆದುಕೊಳ್ಳಿ. ತಳದ ಬಾಹುಗಳು ಸಮ ಎಂದು ಈಗಷ್ಟೇ ತಿಳಿಯಿತು. ಪರ್ಯಾಯ ಕೋನಗಳೂ ಸಮ. ಮತ್ತೆ ಸರ್ವಸಮ. ಅಲ್ಲಿಗೆ ಕರ್ಣಗಳು ಒಂದನ್ನೊಂದು ಸರಿಯಾಗಿ ಅರ್ಧ ಮಾಡುತ್ತವೆ.

ಇಲ್ಲಿ ಮಕ್ಕಳು ತಪ್ಪದೆ ಮಾಡುವ ಒಂದು ತಪ್ಪಿದೆ. ಕರ್ಣಗಳು ಒಂದನ್ನೊಂದು ಅರ್ಧ ಮಾಡುತ್ತವೆ ಎಂದ ಕೂಡಲೇ ಮೂಲೆಯ ಕೋನವನ್ನೂ ಅರ್ಧ ಮಾಡುತ್ತವೆ ಎಂದು ಬರೆದುಬಿಡುತ್ತಾರೆ. ಮಾಡುವುದಿಲ್ಲ. ಉದ್ದನೆಯ ಆಯತ ಒಂದನ್ನು ಬರೆದು ನೋಡಿ, ಕರ್ಣ ಉದ್ದನೆಯ ಬಾಹುವಿನ ಕಡೆಗೇ ವಾಲಿರುತ್ತದೆ. ಎರಡೂ ಕರ್ಣ ತಮ್ಮ ಮೂಲೆಗಳನ್ನು ಅರ್ಧ ಮಾಡಬೇಕಾದರೆ ನಾಲ್ಕು ಬಾಹುಗಳೂ ಸಮ ಇರಬೇಕು.

ಇನ್ನು ಮೇಸ್ತ್ರಿ ಮಾಡಿದ್ದು ಯಾಕೆ ಸರಿ? ಎದುರು ಬಾಹುಗಳು ಸಮ ಎಂದು ಮೊದಲು ಅಳೆದರು. ಅಲ್ಲಿಗೆ ಅದು ಸಮಾಂತರ ಚತುರ್ಭುಜ ಎಂದು ಖಾತ್ರಿ. ಆಮೇಲೆ ಎರಡು ಕರ್ಣ ಸಮ ಎಂದು ಇಟ್ಟುಕೊಳ್ಳಿ. ಎಬಿ ಬಾಹುವಿನ ಮೇಲೆ ಎರಡು ತ್ರಿಭುಜ ಕೂತಿವೆ: ಎಬಿಸಿ ಒಂದು, ಎಬಿಡಿ ಇನ್ನೊಂದು. ತಳ ಒಂದೇ. ಬಿಸಿ, ಎಡಿ ಎದುರು ಬಾಹುಗಳು, ಹಾಗಾಗಿ ಸಮ. ಎಸಿ, ಬಿಡಿ ಕರ್ಣಗಳು, ಅವೂ ಸಮ. ಮೂರೂ ಬಾಹು ಸಮ ಎಂದರೆ ಸರ್ವಸಮ. ಹಾಗಾಗಿ ಎ ಮೂಲೆಯ ಕೋನವೂ ಬಿ ಮೂಲೆಯ ಕೋನವೂ ಸಮ. ಸಮಾಂತರ ಚತುರ್ಭುಜದಲ್ಲಿ ಅಕ್ಕಪಕ್ಕದ ಎರಡು ಕೋನ ಕೂಡಿದರೆ 180. ಸಮವಾದ ಎರಡು ಕೋನ ಕೂಡಿ 180 ಆದರೆ ಒಂದೊಂದೂ 90 ಆಗಲೇಬೇಕು. ಟೇಪು ಹಿಡಿದು ಎರಡು ಕರ್ಣ ನೋಡಿದರೆ ನಾಲ್ಕು ಮೂಲೆಯೂ ಮಟ್ಟಸ. ಮೂಲೆಮಟ್ಟ ಕೂಡ ಬೇಕಿಲ್ಲ. ಅಷ್ಟು ದೊಡ್ಡ ಜಾಗಕ್ಕೆ ಪುಟ್ಟ ಮೂಲೆಮಟ್ಟ ಇಟ್ಟು ನೋಡಿದರೆ ಸ್ವಲ್ಪ ತಪ್ಪಿದ್ದರೂ ಗೊತ್ತಾಗುವುದಿಲ್ಲ, 50 ಅಡಿಯ ಕರ್ಣದಲ್ಲಿ ಅದೇ ತಪ್ಪು ಎದ್ದು ಕಾಣುತ್ತದೆ.

ಕರ್ಣ ಸಮ ಎಂದಷ್ಟೇ ಆದರೆ ಆಯತ ಆಗುವುದಿಲ್ಲ, ಇದನ್ನು ಮರೆಯಬೇಡಿ. ಎರಡು ಓರೆ ಬಾಹು ಸಮ ಇರುವ ತ್ರಾಪಿಜ್ಯದಲ್ಲೂ (ಒಂದು ಜೊತೆ ಎದುರು ಬಾಹು ಮಾತ್ರ ಸಮಾಂತರ ಇರುವ ಆಕಾರ) ಕರ್ಣಗಳು ಸಮ. ಬಾಹು ನೋಡದೆ ಕರ್ಣ ಮಾತ್ರ ನೋಡುವ ಮೇಸ್ತ್ರಿಯೂ ಮೋಸ ಹೋಗಬಹುದು.

ಎರಡು ಕಡ್ಡಿಯ ಆಟ

ಮಗಳ ಕೋಷ್ಟಕವನ್ನು ಮುಚ್ಚಿಸಿ ಎರಡು ಐಸ್‌ಕ್ರೀಂ ಕಡ್ಡಿ ಕೊಟ್ಟೆ. ಇವು ಕರ್ಣಗಳು. ಒಂದರ ಮೇಲೊಂದು ಇಟ್ಟು, ನಾಲ್ಕು ತುದಿಗೆ ಚುಕ್ಕಿ ಹಾಕಿ ಸೇರಿಸಿದರೆ ಚತುರ್ಭುಜ. ಇನ್ನು ಯಾವ ಆಕಾರ ಬರುತ್ತದೆ ಎಂಬುದು ಮೂರು ಪ್ರಶ್ನೆಗಳ ಮೇಲಿದೆ. ಕಡ್ಡಿಗಳು ಸಮವೇ? ಎಲ್ಲಿ ಕೂಡುತ್ತವೆ? ಎಷ್ಟು ಓರೆ?

ಎರಡರ ನಡುಮಧ್ಯಕ್ಕೂ ಒಂದೇ ಮೊಳೆ ಹೊಡೆದರೆ ಸಮಾಂತರ ಚತುರ್ಭುಜ. ಕಡ್ಡಿ ಸಮ ಇರಲಿ ಬಿಡಲಿ, ಎಷ್ಟೇ ಓರೆ ಇರಲಿ. ಈಗ ಕಡ್ಡಿಗಳನ್ನು ಸಮ ಮಾಡಿ, ಆಯತ. ಸಮ ಬೇಡ, ಆದರೆ ಒಂದಕ್ಕೊಂದು ಲಂಬವಾಗಿ ಇಡಿ, ವಜ್ರಾಕೃತಿ. ಸಮವೂ ಹೌದು, ಲಂಬವೂ ಹೌದು ಎಂದರೆ ವರ್ಗ. ಲಂಬವಾಗಿಯೇ ಇಟ್ಟು ಮೊಳೆಯನ್ನು ಒಂದು ಕಡ್ಡಿಯ ನಡುವಿನಿಂದ ಸರಿಸಿ, ಇನ್ನೊಂದರ ನಡುವಿನಲ್ಲೇ ಬಿಡಿ, ಗಾಳಿಪಟ. ತ್ರಾಪಿಜ್ಯ ಸ್ವಲ್ಪ ಕಳ್ಳ. ಅಲ್ಲಿ ಮೊಳೆ ಎರಡೂ ಕಡ್ಡಿಯನ್ನು ಒಂದೇ ಅನುಪಾತದಲ್ಲಿ ಭಾಗ ಮಾಡಬೇಕು. ಒಂದನ್ನು 2:3ಕ್ಕೆ ಕಡಿದರೆ ಇನ್ನೊಂದನ್ನೂ 2:3ಕ್ಕೆ. ಇಷ್ಟೇ ಇಡೀ ಕೋಷ್ಟಕ.

ಇಸ್ತ್ರಿ ಟೇಬಲ್ ಇದ್ದರೆ ಒಮ್ಮೆ ಬಗ್ಗಿ ನೋಡಿ. ಇಂಟು ಆಕಾರದ ಕಾಲುಗಳು. ಎರಡೂ ಸಮ ಉದ್ದ ಇದ್ದು ನಡುಮಧ್ಯಕ್ಕೆ ಬೋಲ್ಟ್ ಹಾಕಿದ್ದರೆ ತುದಿಗಳು ಯಾವಾಗಲೂ ಆಯತದ ಮೂಲೆಗಳು. ಟೇಬಲ್ ಎತ್ತರಿಸಿ, ತಗ್ಗಿಸಿ, ಹಲಗೆ ನೆಲಕ್ಕೆ ಸಮಾಂತರವಾಗಿಯೇ ಇರುತ್ತದೆ. ಬೋಲ್ಟು ಒಂದು ಕಾಲಿನಲ್ಲಿ ಮಾತ್ರ ಒಂದಂಗುಲ ಮೇಲೆ ಕೂತಿದ್ದರೆ ಹಲಗೆ ಓರೆ, ಇಸ್ತ್ರಿ ಪೆಟ್ಟಿಗೆ ನೆಲಕ್ಕೆ.

ನನಗೆ ಇನ್ನೂ ಇಷ್ಟವಾದದ್ದು ಕಾರಿನ ಜಾಕು. ಪಂಕ್ಚರ್ ಆದಾಗ ಡಿಕ್ಕಿಯಿಂದ ತೆಗೆಯುವ ಕತ್ತರಿ ಜಾಕ್ ಅಂದರೆ ಒಂದು ವಜ್ರಾಕೃತಿ. ನಾಲ್ಕು ಸಮ ತೋಳು, ಅಡ್ಡ ಕರ್ಣದ ಜಾಗದಲ್ಲಿ ಒಂದು ಸ್ಕ್ರೂ. ತಿರುಗಿಸಿದಂತೆ ಅಡ್ಡ ಕರ್ಣ ಗಿಡ್ಡವಾಗುತ್ತದೆ, ಲಂಬ ಕರ್ಣ ಉದ್ದವಾಗುತ್ತದೆ. ವಜ್ರಾಕೃತಿಯಲ್ಲಿ ಕರ್ಣಗಳು ಒಂದಕ್ಕೊಂದು ಲಂಬ, ಹಾಗಾಗಿ ಕಾರು ನೆಟ್ಟಗೆ ಮೇಲೇಳುತ್ತದೆ, ಪಕ್ಕಕ್ಕೆ ಜಾರುವುದಿಲ್ಲ. ಒಂದೊಂದು ತೋಳು 25 ಸೆಂಟಿಮೀಟರ್ ಎಂದುಕೊಳ್ಳಿ. ಅಡ್ಡ ಕರ್ಣ 48 ಇದ್ದಾಗ ಎತ್ತರ 14. ಅಡ್ಡ ಕರ್ಣವನ್ನು 40ಕ್ಕೆ ತಂದರೆ ಎತ್ತರ 30. ಎಂಟು ಸೆಂಟಿಮೀಟರ್ ಕುಗ್ಗಿಸಿದ್ದಕ್ಕೆ ಹದಿನಾರು ಏರಿತು! ಅಲ್ಲಿಂದ ಮುಂದೆ 40ರಿಂದ 30ಕ್ಕೆ ತಂದರೆ ಎತ್ತರ 30ರಿಂದ 40ಕ್ಕೆ, ಹತ್ತಕ್ಕೆ ಹತ್ತೇ. ಜಾಕು ತೀರಾ ಕೆಳಗಿರುವಾಗ ತಿರುಗಿಸುವುದು ಯಾಕೆ ಅಷ್ಟು ಕಷ್ಟ ಎಂಬುದಕ್ಕೂ ಉತ್ತರ ಇಲ್ಲೇ ಇದೆ. ಆಗ ಒಂದೊಂದು ಸುತ್ತಿಗೂ ಕಾರು ಜಾಸ್ತಿ ಏರಬೇಕು, ಬಿಟ್ಟಿಯಾಗಿ ಏರುತ್ತದೆಯೇ?

ವರ್ಗವೂ ಆಯತವೇ?

ಮನೆಯಲ್ಲಿ ಜಗಳವಾದ ಪ್ರಶ್ನೆ ಇದು. ವರ್ಗ ಒಂದು ಆಯತ ಎಂದರೆ ನಮ್ಮಮ್ಮ ಒಪ್ಪುವುದಿಲ್ಲ. "ಚೌಕ ಚೌಕವೇ, ಆಯತ ಆಯತವೇ." ಮಾತಿನಲ್ಲಿ ಅವರದೇ ಸರಿ. ಚೌಕದ ಕಂಬಳಿ ಕೇಳಿದರೆ ಯಾರೂ ಉದ್ದನೆಯದು ಕೊಡುವುದಿಲ್ಲ. ಯೂಕ್ಲಿಡ್ ಕೂಡ ಅಮ್ಮನ ಕಡೆಯೇ. ಸುಮಾರು 2300 ವರ್ಷಗಳ ಹಿಂದೆ ಅವನು ಕೊಟ್ಟ ವ್ಯಾಖ್ಯೆಯಲ್ಲಿ, ವರ್ಗವಲ್ಲದ ಲಂಬಕೋನ ಚತುರ್ಭುಜಕ್ಕೆ ಮಾತ್ರ ಆಯತದ ಹೆಸರು.

ಇಂದಿನ ಗಣಿತ ಬೇರೆ ದಾರಿ ಹಿಡಿದಿದೆ. ನಾಲ್ಕೂ ಕೋನ 90 ಇದ್ದರೆ ಆಯತ, ಅಷ್ಟೇ. ವರ್ಗಕ್ಕೂ ನಾಲ್ಕು ಕೋನ 90, ಹಾಗಾಗಿ ಅದೂ ಆಯತ. ಮೈಸೂರು ಮಲ್ಲಿಗೆಯನ್ನು ಮಲ್ಲಿಗೆ ಅಲ್ಲ ಎನ್ನುತ್ತೀರಾ? ಇದರಿಂದ ಆಗುವ ಲಾಭ ಸಣ್ಣದಲ್ಲ. ಸಮಾಂತರ ಚತುರ್ಭುಜಕ್ಕೆ ಒಂದು ಸಾಧನೆ ಮಾಡಿದರೆ ಆಯತಕ್ಕೂ ವಜ್ರಾಕೃತಿಗೂ ಅದು ಪಿತ್ರಾರ್ಜಿತ ಆಸ್ತಿಯಂತೆ ತಾನಾಗಿ ಬರುತ್ತದೆ. ವರ್ಗಕ್ಕಂತೂ ಎರಡೂ ಕಡೆಯ ಆಸ್ತಿ. ಆಯತದ ಕಡೆಯಿಂದ ಸಮವಾದ ಕರ್ಣಗಳು, ವಜ್ರಾಕೃತಿಯ ಕಡೆಯಿಂದ ಲಂಬವಾದ ಕರ್ಣಗಳು. ಬೇರೆ ಬೇರೆ ಎಂದು ಹಿಡಿದರೆ ಒಂದೇ ಸಾಧನೆಯನ್ನು ನಾಲ್ಕು ಸಲ ಬರೆಯಬೇಕು.

ತ್ರಾಪಿಜ್ಯದ ಹೆಸರಿನ ಗೊಂದಲ ಇನ್ನೂ ಜೋರು. ನಮ್ಮಲ್ಲಿ ಇಂಗ್ಲಿಷ್ ಮೀಡಿಯಂ ಮಕ್ಕಳು ಅದನ್ನು ಟ್ರೆಪೀಜಿಯಂ ಎನ್ನುತ್ತಾರೆ. ಅಮೆರಿಕದಲ್ಲಿ ಓದುವ ನಮ್ಮವರ ಮಕ್ಕಳು ಟ್ರ್ಯಾಪಿಜಾಯ್ಡ್ ಎನ್ನುತ್ತಾರೆ. ಅಲ್ಲಿ ಟ್ರೆಪೀಜಿಯಂ ಎಂದರೆ ಯಾವ ಬಾಹುವೂ ಸಮಾಂತರವಲ್ಲದ ಚತುರ್ಭುಜ! ರಜೆಗೆ ಬಂದ ಮೊಮ್ಮಗನಿಗೆ ಪಾಠ ಹೇಳಿಕೊಡುವ ತಾತಂದಿರು ಹುಷಾರು. ಸಮಾಂತರ ಬಾಹುಗಳ ಜೊತೆ ಒಂದೇ ಇರಬೇಕೋ, ಕನಿಷ್ಠ ಒಂದೋ ಎಂಬುದರಲ್ಲೂ ಪುಸ್ತಕಗಳು ಬೇರೆ ಬೇರೆ. ಪರೀಕ್ಷೆಗೆ ಓದುವವರು ತಮ್ಮ ಪುಸ್ತಕದ ವ್ಯಾಖ್ಯೆಯನ್ನು ಒಮ್ಮೆ ನೋಡಿಕೊಳ್ಳುವುದು ಒಳ್ಳೆಯದು.

ಅಡ್ಡಾದಿಡ್ಡಿಯೊಳಗೆ ಶಿಸ್ತು

ಹೆಸರಿಲ್ಲದ, ಯಾವ ಗುಣವೂ ಇಲ್ಲದ ಚತುರ್ಭುಜಕ್ಕೂ ಒಂದೆರಡು ಚಮತ್ಕಾರ ಗೊತ್ತು. ಕಾಗದದ ಮೇಲೆ ನಿಮಗಿಷ್ಟ ಬಂದಷ್ಟು ಕೆಟ್ಟದಾಗಿ ಒಂದು ಚತುರ್ಭುಜ ಬರೆಯಿರಿ. ನಾಲ್ಕು ಬಾಹುಗಳ ನಡುಬಿಂದು ಗುರುತು ಮಾಡಿ, ಅವನ್ನು ಸಾಲಾಗಿ ಸೇರಿಸಿ. ಒಳಗೆ ಬರುವುದು ಸಮಾಂತರ ಚತುರ್ಭುಜ. ಪ್ರತಿ ಸಲವೂ. ಪಿಯರ್ ವರಿನ್ಯೋನ್ ಎಂಬ ಫ್ರೆಂಚ್ ಗಣಿತಜ್ಞ ಇದನ್ನು ಕಂಡುಕೊಂಡ. ಅವನು ತೀರಿಕೊಂಡು ಒಂಬತ್ತು ವರ್ಷಗಳ ಮೇಲೆ, 1731ರಲ್ಲಿ ಅಚ್ಚಾಯಿತು.

ಕಾರಣ ಮತ್ತೆ ಕರ್ಣವೇ. ತ್ರಿಭುಜದ ಎರಡು ಬಾಹುಗಳ ನಡುಬಿಂದು ಸೇರಿಸಿದರೆ ಆ ಗೆರೆ ಮೂರನೇ ಬಾಹುವಿಗೆ ಸಮಾಂತರ, ಉದ್ದದಲ್ಲಿ ಅರ್ಧ. ಕರ್ಣದ ಆ ಕಡೆ ಒಂದು ತ್ರಿಭುಜ, ಈ ಕಡೆ ಒಂದು ತ್ರಿಭುಜ. ಎರಡರಲ್ಲೂ ನಡುಗೆರೆ ಅದೇ ಕರ್ಣಕ್ಕೆ ಸಮಾಂತರ, ಅದೇ ಕರ್ಣದ ಅರ್ಧ. ಅಲ್ಲಿಗೆ ಒಳಗಿನ ಎದುರು ಬಾಹುಗಳು ಸಮ ಮತ್ತು ಸಮಾಂತರ. ಹೊರಗಿನದರ ಕರ್ಣಗಳು ಸಮವಿದ್ದರೆ ಒಳಗೆ ವಜ್ರಾಕೃತಿ ಬರುತ್ತದೆ, ಲಂಬವಿದ್ದರೆ ಆಯತ. ಒಳಗಿನದರ ವಿಸ್ತೀರ್ಣ ಹೊರಗಿನದರ ಸರಿಯಾಗಿ ಅರ್ಧ.

ಇನ್ನೊಂದು ಚಮತ್ಕಾರ ನೆಲದ ಮೇಲಿನದು. ಯಾವ ಚತುರ್ಭುಜವಾದರೂ ಸರಿ, ಒಂದೇ ಅಚ್ಚಿನ ಟೈಲ್ಸ್ ಮಾಡಿಸಿದರೆ ಇಡೀ ನೆಲ ಸಂದಿಲ್ಲದೆ ಮುಚ್ಚಬಹುದು. ಒಂದು ಟೈಲನ್ನು ಅದರ ಬಾಹುವಿನ ನಡುಬಿಂದುವಿನ ಸುತ್ತ ಅರ್ಧ ಸುತ್ತು ತಿರುಗಿಸಿದರೆ ಪಕ್ಕದ ಟೈಲಿನ ಜಾಗ ಸಿಗುತ್ತದೆ. ಹಾಗೆ ಮಾಡುತ್ತಾ ಹೋದರೆ ಪ್ರತಿ ಮೂಲೆಯಲ್ಲೂ ನಾಲ್ಕು ಬೇರೆ ಬೇರೆ ಕೋನ ಕೂಡುತ್ತವೆ, ಮೊತ್ತ 360. ಬಾಹುಗಳೂ ಕೋನಗಳೂ ಸಮ ಇರುವ ಐದು ಮೂಲೆಯ ಟೈಲ್ಸಿನಲ್ಲಿ ಇದು ಆಗುವುದಿಲ್ಲ. ಅದರ ಒಂದೊಂದು ಕೋನ 108, 360ನ್ನು ಅದು ಭಾಗಿಸುವುದಿಲ್ಲ.

ವಿಸ್ತೀರ್ಣ: ಶಂಕರಪೋಳಿಯಿಂದ ಕ್ರಯಪತ್ರದವರೆಗೆ

ಆಯತದ ವಿಸ್ತೀರ್ಣ ಎಲ್ಲರಿಗೂ ಗೊತ್ತು, ಉದ್ದ ಗುಣಿಸು ಅಗಲ. ಸಮಾಂತರ ಚತುರ್ಭುಜಕ್ಕೆ ಒಂದು ಕಡೆಯ ತ್ರಿಭುಜ ಕತ್ತರಿಸಿ ಇನ್ನೊಂದು ಕಡೆ ಅಂಟಿಸಿದರೆ ಆಯತವಾಗುತ್ತದೆ. ಹಾಗಾಗಿ ತಳ ಗುಣಿಸು ಎತ್ತರ. ಓರೆ ಬಾಹುವಿನ ಉದ್ದವನ್ನು ಎತ್ತರ ಎಂದುಕೊಂಡರೆ ಲೆಕ್ಕ ಹೋಯಿತು.

ಶಂಕರಪೋಳಿ ಕುಯ್ಯುವವರಿಗೆ ಇದರಲ್ಲಿ ಒಂದು ಗುಟ್ಟಿದೆ. ಲಟ್ಟಿಸಿದ ಹಿಟ್ಟಿನ ಮೇಲೆ ಒಂದೇ ಅಗಲದ ಪಟ್ಟಿ ಕುಯ್ಯಿರಿ. ಆಮೇಲೆ ಓರೆಯಾಗಿ ಅದೇ ಅಗಲದ ಪಟ್ಟಿ ಕುಯ್ಯಿರಿ. ಎಷ್ಟು ಓರೆ ಎಂಬುದು ಲೆಕ್ಕಕ್ಕಿಲ್ಲ, ತುಂಡುಗಳು ಪಕ್ಕಾ ವಜ್ರಾಕೃತಿ. ಯಾಕೆಂದರೆ ತುಂಡನ್ನು ಯಾವ ತಳದ ಮೇಲೆ ನಿಲ್ಲಿಸಿದರೂ ಎತ್ತರ ಅದೇ, ಪಟ್ಟಿಯ ಅಗಲ. ವಿಸ್ತೀರ್ಣವಂತೂ ಒಂದೇ. ಎತ್ತರ ಸಮವಾದರೆ ತಳವೂ ಸಮವಾಗಲೇಬೇಕು. ಪಟ್ಟಿಯ ಅಗಲ ಹೆಚ್ಚು ಕಮ್ಮಿಯಾದರೆ ವಜ್ರಾಕೃತಿ ಕೆಟ್ಟು ಬರೀ ಸಮಾಂತರ ಚತುರ್ಭುಜ ಉಳಿಯುತ್ತದೆ. ತಿನ್ನಲು ಅಡ್ಡಿಯಿಲ್ಲ. ಇನ್ನು ವಜ್ರಾಕೃತಿ, ಗಾಳಿಪಟ ಎರಡಕ್ಕೂ ಕರ್ಣಗಳನ್ನು ಗುಣಿಸಿ ಅರ್ಧ ಮಾಡಿದರೆ ವಿಸ್ತೀರ್ಣ. ತ್ರಾಪಿಜ್ಯಕ್ಕೆ ಸಮಾಂತರ ಬಾಹುಗಳ ಸರಾಸರಿ ಗುಣಿಸು ನಡುವಿನ ಅಂತರ.

ಯಾವ ಗುಣವೂ ಇಲ್ಲದ ಚತುರ್ಭುಜಕ್ಕೆ? ಇಲ್ಲಿ ದುಡ್ಡಿನ ಮಾತು ಬರುತ್ತದೆ. ನಮ್ಮ ಭಾವ ಒಂದು ಮೂಲೆ ಸೈಟು ನೋಡಿದ್ದರು. ಆಡ್ ಸೈಟು. ಹಿಂದಿನ ಗೋಡೆ 40 ಅಡಿ, ಎಡಬದಿ 39, ಬಲಬದಿ 30, ಮುಂದೆ ರಸ್ತೆ ಓರೆಯಾಗಿ ಹೋಗುವುದರಿಂದ ಅಲ್ಲಿ 41. ಇಂಥ ಸೈಟಿಗೆ ನಮ್ಮಲ್ಲಿ ಪತ್ರ ಬರೆಯುವ ರೂಢಿ ನಿಮಗೆ ಗೊತ್ತಿರಬಹುದು. 40 ಕೂಡಿಸು 41 ಭಾಗಿಸು 2, ಗುಣಿಸು 30 ಕೂಡಿಸು 39 ಭಾಗಿಸು 2. ಅಂದರೆ 40.5 ಗುಣಿಸು 34.5, ಒಟ್ಟು 1397 ಚದರಡಿ ಚಿಲ್ಲರೆ.

ಈ ಲೆಕ್ಕ ನಿನ್ನೆ ಮೊನ್ನೆಯದಲ್ಲ. ಈಜಿಪ್ಟಿನ ಎಡ್ಫು ದೇವಾಲಯದ ಗೋಡೆಯ ಮೇಲೆ ಕೆತ್ತಿರುವ ದಾನದ ಜಮೀನುಗಳ ಲೆಕ್ಕ ಇದೇ ರೀತಿ ಇದೆ. 628ರಲ್ಲಿ ಬ್ರಹ್ಮಗುಪ್ತ ಇದನ್ನು ಸ್ಥೂಲ ಎಂದು ಕರೆದ. 9ನೇ ಶತಮಾನದಲ್ಲಿ, ಮಳಖೇಡದಿಂದ ಆಳುತ್ತಿದ್ದ ರಾಷ್ಟ್ರಕೂಟ ದೊರೆ ಅಮೋಘವರ್ಷ ನೃಪತುಂಗನ ಕಾಲದಲ್ಲಿ ಮಹಾವೀರಾಚಾರ್ಯ ತನ್ನ ಗಣಿತಸಾರಸಂಗ್ರಹದಲ್ಲಿ ಚತುರ್ಭುಜಗಳನ್ನು ಐದು ಬಗೆಯಾಗಿ ವಿಂಗಡಿಸಿ, ವ್ಯವಹಾರಕ್ಕೆ ಸಾಕಾಗುವ ಲೆಕ್ಕ ಎಂದು ಇದನ್ನೇ ಕೊಟ್ಟು, ಸೂಕ್ಷ್ಮ ಲೆಕ್ಕವನ್ನು ಬೇರೆಯಾಗಿ ಹೇಳಿದ. ಸ್ಥೂಲ ಲೆಕ್ಕಕ್ಕೆ ಒಂದು ಚಾಳಿ ಇದೆ. ಅದು ಯಾವತ್ತೂ ಕಮ್ಮಿ ತೋರಿಸುವುದಿಲ್ಲ. ಆಯತವಾದರೆ ಸರಿಯಾಗಿ ತೋರಿಸುತ್ತದೆ, ಬೇರೆ ಏನೇ ಆದರೂ ಜಾಸ್ತಿಯೇ ತೋರಿಸುತ್ತದೆ. ಕೊಳ್ಳುವವರಿಗೆ ನಷ್ಟ, ಮಾರುವವರಿಗೆ ಲಾಭ.

ಸೂಕ್ಷ್ಮ ಲೆಕ್ಕ ಹೀಗೆ: ಸುತ್ತಳತೆಯ ಅರ್ಧ ತೆಗೆದುಕೊಳ್ಳಿ, ಇಲ್ಲಿ 75. ಅದರಿಂದ ಒಂದೊಂದು ಬಾಹು ಕಳೆಯಿರಿ: 35, 45, 34, 36. ನಾಲ್ಕನ್ನೂ ಗುಣಿಸಿ ವರ್ಗಮೂಲ ತೆಗೆಯಿರಿ. 1388 ಚಿಲ್ಲರೆ ಬರುತ್ತದೆ. ಇದು ಬ್ರಹ್ಮಗುಪ್ತನ ಸೂತ್ರ. ನಾಲ್ಕು ಮೂಲೆಯೂ ಒಂದೇ ವೃತ್ತದ ಮೇಲೆ ಬರುವ ಚತುರ್ಭುಜಕ್ಕೆ ಮಾತ್ರ ಇದು ನಿಜ. ಆ ಷರತ್ತನ್ನು ಸೂತ್ರದ ಶ್ಲೋಕದಲ್ಲಿ ಬಿಡಿಸಿ ಹೇಳಿಲ್ಲ. ನಾಲ್ಕು ಬಾಹು ಕೊಟ್ಟಾಗ ಬರಬಹುದಾದ ಅತಿ ಹೆಚ್ಚು ವಿಸ್ತೀರ್ಣವೂ ಇದೇ.

ಹಾಗಾದರೆ ಭಾವನ ಸೈಟಿನ ನಿಜವಾದ ಅಳತೆ ಎಷ್ಟು? ಆಮೇಲೆ ಹೋಗಿ ಟೇಪು ಹಿಡಿದೆವು. ಹಿಂದಿನ ಎಡ ಮೂಲೆಯಿಂದ ಮುಂದಿನ ಬಲ ಮೂಲೆಗೆ ಕರ್ಣ ಸರಿಯಾಗಿ 50 ಬಂತು. ಅಲ್ಲಿಗೆ ಒಂದು ತ್ರಿಭುಜ 30, 40, 50. ವಿಸ್ತೀರ್ಣ 600. ಇನ್ನೊಂದು 39, 41, 50. ವಿಸ್ತೀರ್ಣ 780. ಒಟ್ಟು 1380. ಹಿಂದಿನ ಎರಡು ಮೂಲೆಯೂ ಮಟ್ಟಸ ಇದ್ದದ್ದರಿಂದ ಅದು ತ್ರಾಪಿಜ್ಯವಾಗಿತ್ತು. 39 ಮತ್ತು 30ರ ಸರಾಸರಿ 34.5, ಗುಣಿಸು 40, ಮತ್ತೆ ಅದೇ 1380. ಪತ್ರದ ಲೆಕ್ಕಕ್ಕಿಂತ 17 ಚದರಡಿ ಕಮ್ಮಿ. ಚದರಡಿಗೆ 5,000 ರೂಪಾಯಿ ಎಂದು ಹಿಡಿದರೆ 85,000 ದಾಟುತ್ತದೆ. ಬಾಹುಗಳು ಅವೇ ಇದ್ದು ಕರ್ಣ 50ರ ಬದಲು 45 ಬಂದಿದ್ದರೆ ಸೈಟು 1331ಕ್ಕೆ ಇಳಿಯುತ್ತಿತ್ತು.

1150ರಲ್ಲಿ ಭಾಸ್ಕರಾಚಾರ್ಯ ಲೀಲಾವತಿಯಲ್ಲಿ ಇದೇ ವಿಷಯಕ್ಕೆ ಸಿಟ್ಟಾಗಿದ್ದಾನೆ. ಕರ್ಣವನ್ನಾಗಲಿ ಲಂಬವನ್ನಾಗಲಿ ಹೇಳದೆ, ಬರೀ ನಾಲ್ಕು ಬಾಹು ಕೊಟ್ಟು ವಿಸ್ತೀರ್ಣ ಕೇಳುವವನು ಪಿಶಾಚಿ ಎನ್ನುತ್ತಾನೆ. ಅದಕ್ಕೆ ಉತ್ತರ ಹೇಳುವವನು ಅವನಿಗಿಂತ ದೊಡ್ಡ ಪಿಶಾಚಿಯಂತೆ.

ಭಾವ ಮೊದಲ ದಿನ ಫೋನಿನಲ್ಲಿ ನಾಲ್ಕು ಬಾಹು ಹೇಳಿ ಎಷ್ಟಾಗುತ್ತದೆ ಎಂದು ಕೇಳಿದ್ದರು. ನಾನು ಕ್ಯಾಲ್ಕುಲೇಟರ್ ಒತ್ತಿ ತಕ್ಷಣ 1397 ಎಂದಿದ್ದೆ.